ಸಾಕ್ಷಿಗೆ ಕರೆಯದ ಮೂವರು

ಪತ್ತೇದಾರಿ ಕಾದಂಬರಿಯಲ್ಲಿ ಕದ್ದವರು ಯಾರು ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಕಳುವಾದದ್ದು ಯಾರ ಸೊತ್ತು? ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ‘ದಿ ಮೂನ್‌ಸ್ಟೋನ್’ ಈ ಪ್ರಶ್ನೆಯನ್ನು ಎತ್ತುತ್ತದೆ, ಎತ್ತಿ ಬದಿಗಿಡುತ್ತದೆ. ಮೆಚ್ಚುಗೆಯೂ ಅಸಮಾಧಾನವೂ ಹುಟ್ಟುವುದು ಅಲ್ಲಿಯೇ. ಕತೆಯ ಬೇರಿರುವುದು 1799ರ ಮೇ 4ರ ಶ್ರೀರಂಗಪಟ್ಟಣದಲ್ಲಿ. ಕೋಟೆ ಬಿದ್ದ ಆ ದಿನ ಟಿಪ್ಪುವಿನ ಶಸ್ತ್ರಾಗಾರದಲ್ಲಿ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ತೊಟ್ಟಿಕ್ಕುವ ಕಠಾರಿ ಹಿಡಿದು ನಿಂತಿದ್ದಾನೆ. ಕಠಾರಿಯ ಹಿಡಿಯಲ್ಲಿ ಸೋಮನಾಥದ ಚಂದ್ರದೇವನ ಹಣೆಯಲ್ಲಿದ್ದ ಹಳದಿ ವಜ್ರ. ಕಾಲಬುಡದಲ್ಲಿ ಪ್ರಾಣ ಬಿಡುತ್ತಿರುವ ಕಾವಲಿನವನು. ವಜ್ರ ಕಲ್ಪನೆ, ಲೂಟಿ ಕಲ್ಪನೆಯಲ್ಲ. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅವನ ಯಂತ್ರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1857ರ ದಂಗೆ ನಡೆದು 11 ವರ್ಷವಷ್ಟೇ ಕಳೆದಿದ್ದಾಗ, ಮೊದಲ ಕಳ್ಳ ನಮ್ಮವನೇ ಎಂದು ಇಂಗ್ಲಿಷ್ ಓದುಗರಿಗೆ ಹೇಳಿದ್ದು ಸಣ್ಣ ಧೈರ್ಯವಲ್ಲ.

ಮುಂದಿನ ಕತೆ 1848ರ ಯಾರ್ಕ್‌ಶೈರಿನದು. ಹುಟ್ಟುಹಬ್ಬದ ಉಡುಗೊರೆಯಾಗಿ ಹರ್ನ್‌ಕ್ಯಾಸಲ್‌ನ ಸೋದರ ಸೊಸೆ ರೇಚಲ್‌ಳ ಕೈಸೇರಿದ ವಜ್ರ ಅದೇ ರಾತ್ರಿ ಮಾಯವಾಗುತ್ತದೆ. ಒಬ್ಬೊಬ್ಬರೂ ತಾವು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕೆಂಬುದು ಇಲ್ಲಿನ ಕಟ್ಟಳೆ. ಕಾದಂಬರಿಯ ಸೊಗಸು ಈ ಶಿಸ್ತಿನಲ್ಲಿದೆ. ಬಾಗಿಲಿನ ಹಸಿ ಬಣ್ಣ ಒಂದು ಕಡೆ ಕದಡಿದೆ. ಊರಿನ ಪೊಲೀಸ್ ಅಧಿಕಾರಿಗೆ ಅದು ಕೆಲಸದವರ ಲಂಗ ತಾಗಿದ ಗುರುತು, ಅಷ್ಟೆ. ಪತ್ತೇದಾರ ಸಾರ್ಜೆಂಟ್ ಕಫ್ ಮಾತ್ರ ಬಣ್ಣ ಒಣಗಲು 12 ಗಂಟೆ ಬೇಕೆಂದು ಲೆಕ್ಕ ಹಾಕಿ, ಕಲೆಯಾದ ಬಟ್ಟೆಯನ್ನು ಹುಡುಕಲು ಹೊರಡುತ್ತಾನೆ. ಇನ್ನೂ ದೊಡ್ಡ ಮಾತೆಂದರೆ ಮನೆಗೆಲಸದ ರೋಸನ್ನಾಳದು. ಹಿಂದೊಮ್ಮೆ ಕಳ್ಳತನ ಮಾಡಿದವಳು, ಎಲ್ಲರ ಅನುಮಾನಕ್ಕೆ ಗುರಿಯಾದವಳು. ಅವಳು ಸತ್ತ ಮೇಲೆ ಹುದುಲು ಮರಳಿನಲ್ಲಿ ಹುದುಗಿಸಿಟ್ಟ ತಗಡಿನ ಪೆಟ್ಟಿಗೆಯಿಂದ ಅವಳ ದೀರ್ಘ ಕಾಗದ ಹೊರಬಂದು, ಧಣಿಗಳು ತಲೆ ತಗ್ಗಿಸುವಂತೆ ಮಾಡುತ್ತದೆ.

ಆದರೆ ವಜ್ರವನ್ನು ಹುಡುಕುತ್ತ ದೊಂಬರಾಟದವರ ವೇಷದಲ್ಲಿ ಬಂದ ಮೂವರು ಬ್ರಾಹ್ಮಣರಿಗೆ ಒಂದು ಪುಟವೂ ಇಲ್ಲ. ಅವರ ಮಾತೆಲ್ಲ ಪ್ರವಾಸಿ ಮರ್ತ್‌ವೇಟ್‌ನಂಥ ಇಂಗ್ಲಿಷರ ಬಾಯಿಂದಲೇ ಬರಬೇಕು. ಅನುಮಾನಕ್ಕೊಳಗಾದವರು ಬಾಯಿ ಬಿಟ್ಟರೆ ಗುಟ್ಟು ಉಳಿಯುವುದು ಹೇಗೆ ಎಂದು ಕೇಳಬಹುದು. ರೋಸನ್ನಾಳೂ ಅನುಮಾನಿತಳೇ, ತಡವಾಗಿ ಮಾತಾಡಿಸಿದ್ದರಿಂದ ಕತೆ ಕೆಡಲಿಲ್ಲ, ಬಲಗೊಂಡಿತು. ವಜ್ರ ಕೊನೆಗೆ ಸೋಮನಾಥಕ್ಕೆ ಮರಳುತ್ತದಲ್ಲ, ಅದೇ ನ್ಯಾಯವಲ್ಲವೇ ಎಂಬುದು ಇನ್ನೊಂದು ಆಕ್ಷೇಪ, ಇದಕ್ಕೆ ತೂಕವಿದೆ. ಅದಕ್ಕಾಗಿ ಜಾತಿ ಕಳೆದುಕೊಂಡ ಆ ಮೂವರು ಮತ್ತೆಂದೂ ಒಬ್ಬರನ್ನೊಬ್ಬರು ನೋಡದಂತೆ ಮೂರು ದಿಕ್ಕಿಗೆ ಯಾತ್ರೆ ಹೊರಡುವ ದೃಶ್ಯ ಘನವಾಗಿಯೇ ಇದೆ. ಆದರೆ ಅದನ್ನೂ ಗುಂಪಿನಲ್ಲಿ ನಿಂತ ಮರ್ತ್‌ವೇಟನೇ ನೋಡಿ ಬರೆಯುತ್ತಾನೆ. ಅಗಲಿಕೆ ಅವರದು, ಸಾಕ್ಷಿ ಇವನದು.

ಹಾಗಾಗಿ ಈ ಕಾದಂಬರಿ ಸೋಲುವುದು ತನ್ನದೇ ಕಟ್ಟಳೆಯ ಮುಂದೆ. ನಮ್ಮ ಕಾಲದ ಅಳತೆಗೋಲು ಬೇಕಿಲ್ಲ. ಆದರೂ ಓದಲೇಬೇಕಾದ ಪುಸ್ತಕ. ಓದಿ ಮುಗಿಸಿದವರು ಶ್ರೀರಂಗಪಟ್ಟಣದ ಆ ಮೊದಲ ಪುಟಗಳಿಗೆ ಮತ್ತೊಮ್ಮೆ ಹೋಗಲಿ. ಕಳ್ಳನ ಹೆಸರು ಅಲ್ಲಿಯೇ ಇದೆ.