ನಿಯಮ ಪಾಲಿಸುವವನೇ ನಷ್ಟ ಹೊರಬೇಕೇ?



ಇಬ್ಬರು ಹಡಗು ಮಾಲೀಕರಿದ್ದಾರೆಂದು ಭಾವಿಸಿಕೊಳ್ಳಿ. ಗುಜರಾತಿನ ಬಂದರುಗಳಿಂದ ಮಂಗಳೂರಿಗೆ, ಅಲ್ಲಿಂದ ಕೊಚ್ಚಿಗೆ ಸಿಮೆಂಟು, ಉಪ್ಪು ಮುಂತಾದ ಸರಕನ್ನು ಸಾಗಿಸುವುದು ಇಬ್ಬರ ಉದ್ಯೋಗ. ಹಡಗುಗಳ ಗಾತ್ರ ಒಂದೇ, ಕ್ರಮಿಸುವ ದೂರವೂ ಒಂದೇ. ಆದರೆ ಎರಡನೆಯವನು ಕೇಳುವ ಸಾಗಣೆ ದರ ಮೊದಲನೆಯವನಿಗಿಂತ ಕಡಿಮೆ. ಕಾರಣ ಇಷ್ಟೇ: ಮೊದಲನೆಯವನು ತನ್ನ ಹಡಗಿನ ಕೊಳಕು ಎಣ್ಣೆಯನ್ನು ಕೂಡಿಟ್ಟು, ಹಣ ತೆತ್ತು ಬಂದರಿನಲ್ಲಿ ಒಪ್ಪಿಸುತ್ತಾನೆ, ಎರಡನೆಯವನು ರಾತ್ರಿಯ ಹೊತ್ತು ಅದನ್ನು ಕಡಲಿಗೆ ಬಿಡುತ್ತಾನೆ. ಸರಕಿನ ವ್ಯಾಪಾರಿಗಳು ಸಹಜವಾಗಿಯೇ ಎರಡನೆಯವನ ಬಳಿಗೆ ಹೋಗುತ್ತಾರೆ. ಹೀಗಿರುವಾಗ ಮೊದಲನೆಯವನಿಗೆ ನಾವು ಏನು ಹೇಳಬೇಕು? ಪ್ರಾಮಾಣಿಕತೆಗೆ ಫಲ ಸಿಕ್ಕೇ ಸಿಗುತ್ತದೆ ಎಂದೇ? ಅವನ ಲೆಕ್ಕದ ಪುಸ್ತಕ ಆ ಮಾತನ್ನು ಒಪ್ಪುವುದಿಲ್ಲ.

ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯೋಣ. ಹಡಗಿನ ಎಂಜಿನ್ ಕೋಣೆಯ ತಳದಲ್ಲಿ ಸೋರಿದ ಎಣ್ಣೆಯೂ ನೀರೂ ಬೆರೆತು ನಿಲ್ಲುತ್ತವೆ. ಇದನ್ನು ಬಿಲ್ಜ್ ನೀರು ಎನ್ನುತ್ತಾರೆ. 1973ರಲ್ಲಿ ರೂಪುಗೊಂಡು 1978ರಲ್ಲಿ ಪರಿಷ್ಕೃತವಾದ ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳ ಪ್ರಕಾರ, ಈ ನೀರನ್ನು ಯಂತ್ರದಲ್ಲಿ ಶೋಧಿಸಿ, ಹತ್ತು ಲಕ್ಷ ಭಾಗಗಳಲ್ಲಿ ಎಣ್ಣೆಯ ಅಂಶ 15 ಭಾಗಗಳನ್ನು ಮೀರದಂತೆ ನೋಡಿಕೊಂಡ ಮೇಲೆಯೇ ಕಡಲಿಗೆ ಬಿಡಬೇಕು. ಉಳಿದ ಜಿಡ್ಡನ್ನು ಬಂದರಿಗೆ ಒಪ್ಪಿಸಬೇಕು. ಶೋಧಕ ಯಂತ್ರಕ್ಕೆ ನಿರ್ವಹಣೆ ಬೇಕು, ಜಿಡ್ಡು ಒಪ್ಪಿಸಲು ಶುಲ್ಕ ಬೇಕು. ಈ ಯಂತ್ರವನ್ನು ತಪ್ಪಿಸಿ ನೇರವಾಗಿ ಹೊರಗೆ ಹರಿಯಬಿಡುವ ಅಡ್ಡ ಕೊಳವೆಗೆ ನಾವಿಕರು 'ಮ್ಯಾಜಿಕ್ ಪೈಪ್' ಎಂದು ಹೆಸರಿಟ್ಟಿದ್ದಾರೆ.

ಗ್ರೀಕ್ ದಾರ್ಶನಿಕ ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಒಂದು ಕಥೆಯನ್ನು ಹೇಳಿಸುತ್ತಾನೆ. ಲಿಡಿಯಾ ದೇಶದ ಕುರುಬನೊಬ್ಬನಿಗೆ ಒಂದು ಉಂಗುರ ಸಿಗುತ್ತದೆ. ಅದರ ಹರಳನ್ನು ಒಳಕ್ಕೆ ತಿರುಗಿಸಿದರೆ ಅವನು ಯಾರ ಕಣ್ಣಿಗೂ ಕಾಣುವುದಿಲ್ಲ. ಆ ಉಂಗುರದ ಬಲದಿಂದ ಅವನು ರಾಜನನ್ನೇ ಕೊಂದು ಸಿಂಹಾಸನವೇರುತ್ತಾನೆ. ಇಂಥ ಉಂಗುರ ದೊರೆತರೆ ನ್ಯಾಯವಂತನಿಗೂ ಅನ್ಯಾಯಗಾರನಿಗೂ ವ್ಯತ್ಯಾಸವೇ ಉಳಿಯದು, ಜನರು ನ್ಯಾಯವಾಗಿ ನಡೆಯುವುದು ಸಿಕ್ಕಿಬೀಳುವ ಭಯದಿಂದ ಮಾತ್ರ ಎಂಬುದು ಕಥೆ ಹೇಳುವ ಗ್ಲಾಕಾನನ ವಾದ. ನಡುಗಡಲಿನ ಅಮಾವಾಸ್ಯೆಯ ರಾತ್ರಿ ಅಂಥದೇ ಒಂದು ಉಂಗುರ. ಅಲ್ಲಿ ಪೊಲೀಸನಿಲ್ಲ, ನೆರೆಮನೆಯವನಿಲ್ಲ. ಬೇರೆ ದೇಶಗಳಿಗೆ ಹೋಗುವ ಹಡಗು ಅಲ್ಲಿನ ಬಂದರಿನ ಅಧಿಕಾರಿಗಳ ತಪಾಸಣೆಗೂ ಒಳಗಾಗಬೇಕಾಗುತ್ತದೆ. ಸ್ವದೇಶದ ಕರಾವಳಿಯಲ್ಲಷ್ಟೇ ಓಡುವ ಹಡಗಿಗೆ ಆ ಎರಡನೆಯ ಕಣ್ಣೂ ಇಲ್ಲ. ಅಲ್ಲಿ ಮನಸ್ಸಾಕ್ಷಿಯ ಮೇಲೆ ಬೀಳುವ ಹೊರೆ ಇನ್ನಷ್ಟು ಹೆಚ್ಚು.

ಎರಡನೆಯ ಮಾಲೀಕನು ವೆಚ್ಚವನ್ನು ಉಳಿಸಿದನೆಂದು ನಾವು ಹೇಳುತ್ತೇವೆ. ಈ ಮಾತು ಸರಿಯೇ? ಆ ವೆಚ್ಚ ಎಲ್ಲಿಗೂ ಹೋಗಲಿಲ್ಲ. ಮತ್ತೊಬ್ಬರ ತಲೆಯ ಮೇಲೆ ಬಿತ್ತು, ಅಷ್ಟೆ. ಮಳೆಗಾಲದಲ್ಲಿ ಗೋವಾ ಮತ್ತು ಕರ್ನಾಟಕದ ಕಿನಾರೆಗಳಿಗೆ ಡಾಂಬರಿನಂಥ ಕಪ್ಪು ಉಂಡೆಗಳು ಬಂದು ಬೀಳುವುದನ್ನು ಕರಾವಳಿಯ ಓದುಗರು ಕಂಡಿರುತ್ತೀರಿ. ಕಡಲಿಗೆ ಸೇರಿದ ಎಣ್ಣೆಯೇ ಹೀಗೆ ಹೆಪ್ಪುಗಟ್ಟಿ ದಡಕ್ಕೆ ಮರಳುತ್ತದೆ. ಬಲೆಗೆ ಅಂಟಿದ ಜಿಡ್ಡನ್ನು ಉಜ್ಜಿ ತೆಗೆಯುವವನು ಬೆಸ್ತ. ಮರಳು ಶುಚಿಗೊಳಿಸುವವರು ಪಂಚಾಯಿತಿಯವರು. ತಮಗೆ ಸಂಬಂಧವೇ ಇಲ್ಲದ ವ್ಯಾಪಾರವೊಂದರ ಖರ್ಚನ್ನು ಅವರು ಭರಿಸುತ್ತಿದ್ದಾರೆ. 2006ರ ಮೇ ಕೊನೆಯಲ್ಲಿ 'ಓಷನ್ ಸೆರಾಯ' ಎಂಬ ಹಡಗು ಕಾರವಾರದ ಬಳಿ ಬಂಡೆಗೆ ಸಿಲುಕಿ, ಅದರ ಇಂಧನ ತೈಲ ದಕ್ಷಿಣ ಗೋವಾದವರೆಗೂ ಹರಡಿತು. ಅದು ಅಪಘಾತ, ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಬೇಕೆಂದೇ ರಾತ್ರಿಯಲ್ಲಿ ಬಿಟ್ಟ ಎಣ್ಣೆ ಸುದ್ದಿಯಾಗುವುದಿಲ್ಲ. ಅದಕ್ಕೆ ವಾರಸುದಾರರೂ ಇರುವುದಿಲ್ಲ.

ಹಾಗೆಂದು ಸ್ಪರ್ಧೆಯನ್ನೇ ಪಾಪವೆಂದು ತಿಳಿಯಬೇಕಾಗಿಲ್ಲ. ಸ್ಪರ್ಧೆಯಿಂದ ದರ ಇಳಿಯುತ್ತದೆ, ಕೌಶಲ ಬೆಳೆಯುತ್ತದೆ. ಜಗದ್ಗುರು ಎರಡನೆಯ ಜಾನ್ ಪೌಲರು 1991ರ ತಮ್ಮ 'ಸೆಂಟೆಸಿಮುಸ್ ಆನ್ನುಸ್' ವಿಶ್ವಪತ್ರದಲ್ಲಿ ಮಾರುಕಟ್ಟೆಯ ಸಾಮರ್ಥ್ಯವನ್ನು ಒಪ್ಪಿಕೊಂಡಿದ್ದಾರೆ. ಆದರೆ ಪರಿಸರದಂಥ ಸರ್ವರ ಸ್ವತ್ತನ್ನು ಮಾರುಕಟ್ಟೆಯ ಶಕ್ತಿಗಳಷ್ಟೇ ಕಾಪಾಡಲಾರವು, ಅದು ರಾಜ್ಯದ ಹೊಣೆ ಎಂದೂ ಸ್ಪಷ್ಟಪಡಿಸಿದ್ದಾರೆ. ಉತ್ತಮ ಎಂಜಿನ್, ನುರಿತ ಸಿಬ್ಬಂದಿ, ಸಮಯಪಾಲನೆ ಇವುಗಳಿಂದ ಗೆದ್ದವನು ಗೆದ್ದವನೇ. ತನ್ನ ಕಸವನ್ನು ನೆರೆಯವನ ಅಂಗಳಕ್ಕೆ ಎಸೆದು ಗೆದ್ದವನು ಸ್ಪರ್ಧಿಸಲೇ ಇಲ್ಲ.

ಇಲ್ಲಿ ಕಾನೂನಿನ ಪಾತ್ರವನ್ನು ಗಮನಿಸಿ. ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟಿಕೊಂಡರೆ ವೇಗ ಕುಗ್ಗಿ ಇಂಧನ ಹೆಚ್ಚು ಉರಿಯುತ್ತದೆ. ಅದನ್ನು ತಡೆಯಲು ಟ್ರೈಬ್ಯುಟೈಲ್‌ಟಿನ್ ಎಂಬ ತವರದ ಸಂಯುಕ್ತವಿದ್ದ ಬಣ್ಣವನ್ನು ಹಲವು ದಶಕ ಬಳಿದರು. ಆ ವಿಷದಿಂದ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿ ಸಾಕಣೆ ಕುಸಿಯಿತು. ಕಡಲ ಬಸವನಹುಳುಗಳು ಸಂತಾನಶಕ್ತಿಯನ್ನೇ ಕಳೆದುಕೊಂಡವು. ಒಬ್ಬ ಮಾಲೀಕ ತಾನೊಬ್ಬನೇ ಅದನ್ನು ಬಿಟ್ಟಿದ್ದರೆ? ಅವನ ಇಂಧನದ ಖರ್ಚು ಏರಿ, ಬಿಡದವನು ಮುಂದೆ ಹೋಗುತ್ತಿದ್ದ. 2001ರಲ್ಲಿ ಅಂಗೀಕೃತವಾಗಿ 2008ರಲ್ಲಿ ಜಾರಿಗೆ ಬಂದ ಒಪ್ಪಂದವು ಎಲ್ಲರಿಗೂ ಒಟ್ಟಿಗೆ ನಿಷೇಧ ಹೇರಿದಾಗ ಮಾತ್ರ ಒಳ್ಳೆಯತನ ದಿವಾಳಿಯ ದಾರಿಯಾಗುವುದು ತಪ್ಪಿತು. ವ್ಯಾಪಾರಿಗಳಲ್ಲಿ ಅನೇಕರು ಕಾನೂನನ್ನು ಶತ್ರುವೆಂದು ಎಣಿಸುತ್ತಾರೆ. ಪ್ರಾಮಾಣಿಕನಿಗೆ ಅದು ಮಿತ್ರ. ಅದು ಎಲ್ಲರಿಗೂ ಒಂದೇ ಆಗಿರಬೇಕು, ಅಷ್ಟೆ.

ಹಡಗುಕಟ್ಟೆಗಳ ವಿಷಯವೂ ಇದೇ. ಗುಜರಾತಿನ ಅಲಂಗ್‌ನಲ್ಲಿ ಹಳೆಯ ಹಡಗುಗಳನ್ನು ಒಡೆಯುವವರು ಟನ್ನಿಗೆ ಇಷ್ಟು ಎಂದು ಬೆಲೆ ಕೂಗಿ ಹಡಗನ್ನು ಕೊಳ್ಳುತ್ತಾರೆ. ಎಣ್ಣೆ ಇಂಗದ ಕಾಂಕ್ರೀಟ್ ನೆಲ ಹಾಸಿ, ಕಲ್ನಾರನ್ನು ಜೋಪಾನವಾಗಿ ತೆಗೆಸುವವನು ಅಷ್ಟು ಬೆಲೆ ಕೊಡಲಾರ. ಮರಳಿನ ಮೇಲೆಯೇ ಕತ್ತರಿಸಿ ಹಾಕುವವನು ಹೆಚ್ಚು ಕೊಡಬಲ್ಲ. ಕೊರತೆಯನ್ನು ತುಂಬುವುದು ಕಾರ್ಮಿಕನ ಶ್ವಾಸಕೋಶ. 2009ರ ಹಾಂಗ್‌ಕಾಂಗ್ ಒಪ್ಪಂದಕ್ಕೆ ಭಾರತ 2019ರಲ್ಲಿ, ಬಾಂಗ್ಲಾದೇಶ ಮತ್ತು ಪಾಕಿಸ್ತಾನಗಳು 2023ರಲ್ಲಿ ಸೇರಿದವು. ಅದು ಜಾರಿಗೆ ಬಂದದ್ದು 2025ರ ಜೂನ್‌ನಲ್ಲಿ. ನೆರೆಹೊರೆಯ ಮೂರು ದೇಶಗಳಿಗೂ ಒಂದೇ ಅಳತೆಗೋಲು ದೊರೆಯಲು ಇಷ್ಟು ವರ್ಷಗಳೇ ಬೇಕಾದವು. ಶುಚಿಯಾದ ಕೆಲಸಕ್ಕೆ ಮಾರುಕಟ್ಟೆಯೇ ಇಲ್ಲವೆಂದೂ ಅಲ್ಲ. ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ 2023ರಲ್ಲಿ ನಾರ್ವೆಯ ಸಂಸ್ಥೆಯೊಂದು, ಐರೋಪ್ಯ ಕರಾವಳಿಯಲ್ಲಿ ಓಡಿಸಲು, ಆರು ಡೀಸೆಲ್-ವಿದ್ಯುತ್ ಸರಕು ಹಡಗುಗಳ ನಿರ್ಮಾಣವನ್ನು ಒಪ್ಪಿಸಿತು.

ಆದರೆ ಕಾನೂನು ಎಲ್ಲವನ್ನೂ ಮಾಡಲಾರದು. 2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ. 3.5ರಿಂದ ಶೇ. 0.5ಕ್ಕೆ ಇಳಿಸಲಾಯಿತು. ಹೊಗೆಯನ್ನು ತೊಳೆಯುವ ಯಂತ್ರವಿದ್ದರೆ ಹಳೆಯ ಅಗ್ಗದ ಎಣ್ಣೆಯನ್ನೇ ಉರಿಸಬಹುದೆಂಬ ಅವಕಾಶವೂ ಉಳಿಯಿತು. ಈ ಯಂತ್ರಗಳಲ್ಲಿ ಒಂದು ಬಗೆಯವು ಗಾಳಿಯಿಂದ ತೆಗೆದ ಕೊಳೆಯನ್ನು ಆಮ್ಲೀಯ ನೀರಾಗಿ ಕಡಲಿಗೆ ಸುರಿಯುತ್ತವೆ. ಸಿಂಗಪುರದಂಥ ಬಂದರುಗಳು ತಮ್ಮ ನೀರಿನಲ್ಲಿ ಇದನ್ನು ನಿಷೇಧಿಸಿವೆ. ಹೊರಗಿನ ಕಡಲಿನಲ್ಲಿ ಅನುಮತಿ ಇದೆ. ಅಕ್ಷರ ಪಾಲಿಸಿ ಆಶಯವನ್ನು ಮರೆಯುವ ದಾರಿ ಎಲ್ಲ ನಿಯಮಗಳಲ್ಲೂ ಇರುತ್ತದೆ. ಆ ದಾರಿಯನ್ನು ಮುಚ್ಚುವುದು ಮನಸ್ಸಾಕ್ಷಿಯ ಕೆಲಸ.

ಈಗ ನಮ್ಮ ಮನೆಗಳಿಗೆ ಬರೋಣ. ಕರಾವಳಿಯ ಎಷ್ಟೋ ಕುಟುಂಬಗಳ ಮಕ್ಕಳು ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ಅಂಥ ಮಗನೊಬ್ಬನಿಗೆ ಮುಖ್ಯ ಎಂಜಿನಿಯರ್ ಆ ಕೊಳವೆಯನ್ನು ಜೋಡಿಸೆಂದು ಆಜ್ಞೆ ಮಾಡಿದರೆ ಅವನೇನು ಮಾಡಬೇಕು? ಮನೆಗೆ ಫೋನ್ ಮಾಡಿ ಕೇಳಿದರೆ ನಾವೇನು ಹೇಳುತ್ತೇವೆ? 'ಹೊಂದಿಕೊಂಡು ಹೋಗು ಮಗನೇ, ಸಾಲ ತೀರಲಿ' ಎನ್ನುತ್ತೇವೆಯೇ? 2013ರಲ್ಲಿ ಪ್ರಿನ್ಸೆಸ್ ಕ್ರೂಸ್ ಲೈನ್ಸ್ ಕಂಪನಿಯ ಪ್ರವಾಸಿ ಹಡಗೊಂದರಲ್ಲಿ ಹೊಸದಾಗಿ ಸೇರಿದ್ದ ಎಂಜಿನಿಯರನೊಬ್ಬ ಇಂಥ ಕೊಳವೆಯನ್ನು ಕಂಡ. ಹಡಗು ಇಂಗ್ಲೆಂಡಿನ ಸೌತಾಂಪ್ಟನ್ ತಲುಪಿದಾಗ ಕೆಲಸ ಬಿಟ್ಟು ಅಧಿಕಾರಿಗಳಿಗೆ ತಿಳಿಸಿದ. ಬಂದರಿನಲ್ಲಿ ಒಪ್ಪಿಸಲು ಖರ್ಚು ಹೆಚ್ಚೆಂಬುದೇ ಮೇಲಧಿಕಾರಿ ನೀಡಿದ್ದ ಕಾರಣ. 2016ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು 4 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಗ್ಲಾಕಾನನ ವಾದಕ್ಕೆ ಆ ಯುವಕನ ನಡತೆಯೇ ಉತ್ತರ. ಅವನು ಸುಮ್ಮನಿದ್ದಿದ್ದರೆ ಯಾರೂ ಅವನನ್ನು ಪ್ರಶ್ನಿಸುತ್ತಿರಲಿಲ್ಲ.

ಎಲ್ಲರಿಗೂ ಇಂಥ ಧೈರ್ಯ ಇರುವುದಿಲ್ಲ. ಇರಬೇಕೆಂದು ದೂರದಲ್ಲಿ ಕುಳಿತು ಬೋಧಿಸುವುದೂ ಸುಲಭ. ಸಣ್ಣ ಮಾಲೀಕನಿಗೆ ನಿಯಮದ ವೆಚ್ಚ ದೊಡ್ಡವನಿಗಿಂತ ಭಾರ ಎಂಬುದೂ ನಿಜ. ಅದಕ್ಕಾಗಿ ಸಮಾಜವು ಒಳ್ಳೆಯತನದ ಬೆಲೆಯನ್ನು ತಗ್ಗಿಸಬೇಕು. ಬಾಲ್ಟಿಕ್ ಸಮುದ್ರದ ಬಂದರುಗಳ ಪದ್ಧತಿಯೊಂದನ್ನು ನೋಡಿ. ಅಲ್ಲಿ ಹಡಗು ತನ್ನ ಜಿಡ್ಡನ್ನು ಒಪ್ಪಿಸಲಿ ಬಿಡಲಿ, ಅದರ ಶುಲ್ಕ ಬಂದರಿನ ಶುಲ್ಕದಲ್ಲಿಯೇ ಸೇರಿರುತ್ತದೆ. ಹೇಗೂ ಹಣ ಕೊಟ್ಟಾಗಿದೆ. ಕಡಲಿಗೆ ಸುರಿದು ಉಳಿಸುವುದಾದರೂ ಏನು? ಮನುಷ್ಯನ ದೌರ್ಬಲ್ಯವನ್ನು ಅರಿತು ಮಾಡಿದ ನಿಯಮವಿದು.

ಆರಂಭದ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ನಿಯಮ ಪಾಲಿಸುವವನು ಕೆಲವೊಮ್ಮೆ ನಿಜಕ್ಕೂ ನಷ್ಟ ಹೊಂದುತ್ತಾನೆ, ಅದನ್ನು ಮುಚ್ಚಿಡಬಾರದು. ಆದರೆ ಆ ನಷ್ಟವನ್ನು ಅವನೊಬ್ಬನೇ ಹೊರುವಂತೆ ಬಿಟ್ಟರೆ ತಪ್ಪು ನಮ್ಮದು. ಅಗ್ಗದ ದರವನ್ನೇ ನೋಡುವ ವ್ಯಾಪಾರಿ, ಕಣ್ಣು ಮುಚ್ಚುವ ಅಧಿಕಾರಿ, ಹೊಂದಿಕೊಂಡು ಹೋಗೆನ್ನುವ ತಂದೆತಾಯಿ, ಎಲ್ಲರೂ ಆ ಕೊಳವೆಗೆ ಒಂದೊಂದು ತಿರುಪು ಬಿಗಿದವರೇ. ನಿಮ್ಮ ಮನೆಯ ಹುಡುಗ ಹಡಗು ಹತ್ತುವ ಮುನ್ನ ಅವನಿಗೆ ಒಂದು ಮಾತು ಹೇಳಿ ಕಳುಹಿಸಿ: ಇಂಥ ಕಾರಣಕ್ಕೆ ಕೆಲಸ ಬಿಟ್ಟು ಬಂದರೆ ಈ ಮನೆಯ ಬಾಗಿಲು ತೆರೆದಿರುತ್ತದೆ, ಯಾರೂ ಅವನನ್ನು ಹೀಯಾಳಿಸುವುದಿಲ್ಲ ಎಂದು. ಎಂಜಿನ್ ಕೋಣೆಯಲ್ಲಿ ಆಜ್ಞೆ ಬಂದ ಗಳಿಗೆಯಲ್ಲಿ ಆ ಮಾತು ಅವನ ನೆನಪಿಗೆ ಬರಲಿ.