‘ಆರಾಮ ಅದೀನ್ರಿ’ ಎಂಬ ಉತ್ತರ

ಬಾಣಂತಿಯನ್ನು ನೋಡಲು ಹೋದ ನಾವು ಮೊದಲು ಕೂಸನ್ನು ಎತ್ತಿಕೊಳ್ಳುತ್ತೇವೆ. ಮೂಗು ಯಾರಂತಿದೆ, ಹಾಲು ಸಾಲುತ್ತದೆಯೇ, ರಾತ್ರಿ ಅಳುತ್ತದೆಯೇ ಎಂದೆಲ್ಲ ವಿಚಾರಿಸುತ್ತೇವೆ. ಏಳುವ ಮುನ್ನ ತಾಯಿಯ ಕಡೆ ತಿರುಗಿ, ‘ನೀ ಆರಾಮ ಅದೀಯಲ್ಲವಾ?’ ಎನ್ನುತ್ತೇವೆ. ಆಕೆ ‘ಆರಾಮ ಅದೀನ್ರಿ’ ಎನ್ನುತ್ತಾಳೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೊಟ್ಟವರು ನಾವು. ಅದು ನಿಜವೋ ಅಲ್ಲವೋ ಎಂಬ ಚಿಂತೆ ನಮ್ಮನ್ನು ಕಾಡುವುದಿಲ್ಲ. ಸೊಲ್ಲಾಪುರದಲ್ಲಿ ನಮ್ಮ ನೆರೆಯ ಮನೆಯೊಂದರಲ್ಲಿ ನಡೆದ ಸಂಗತಿಯ ತರುವಾಯ ಮಾತ್ರ ಆ ನಿಶ್ಚಿಂತೆ ನಮಗೆ ಉಳಿದಿಲ್ಲ.

ಆ ಮನೆಯ ಸೊಸೆ ಇಂಡಿ ತಾಲ್ಲೂಕಿನ ಹಳ್ಳಿಯವಳು. ಗಡಿರೇಖೆ ನಕಾಶೆಯಲ್ಲಿರುವಷ್ಟು ನಮ್ಮ ಬೀಗತನಗಳಲ್ಲಿ ಇಲ್ಲ. ಅತ್ತಣಿಂದ ಸೊಸೆಯರು ಬರುತ್ತಾರೆ, ಇತ್ತಣಿಂದ ಮಗಳಂದಿರು ಹೋಗುತ್ತಾರೆ. ಚೊಚ್ಚಲ ಹೆರಿಗೆ ತವರಿನಲ್ಲಾಯಿತು. ಅಳವಿಯ ಪಾಯಸ, ಅಂಟಿನ ಉಂಡೆ, ಎಣ್ಣೆನೀರು, ಹೊರಸಿನ ಕೆಳಗಿನ ಕೆಂಡ ಎಲ್ಲವೂ ಕ್ರಮವಾಗಿ ನಡೆದವು. ಐದು ತಿಂಗಳು ತುಂಬಿದಾಗ ತೊಟ್ಟಿಲಿನೊಡನೆ ಗಂಡನ ಮನೆಗೆ ಬಂದಳು. ಮುಟ್ಟು ಮರಳಿ ಆರಂಭವಾದದ್ದು ಇಲ್ಲಿಗೆ ಬಂದ ಮೇಲೆ. ಹನ್ನೆರಡು ದಿನ ನಿಲ್ಲಲಿಲ್ಲ. ನಿಂತು ವಾರ ಕಳೆಯುವುದರೊಳಗೆ ಮತ್ತೆ ತೊಡಗಿತು. ಯಾರಿಗೂ ಹೇಳಲಿಲ್ಲ. ಒಮ್ಮೆ ಹೇಳಲು ಹೊರಟಾಗ, ‘ಬಾಣಂತನದ ಕೆಟ್ಟ ರಕ್ತ, ಹೋದಷ್ಟು ಚಲೋ’ ಎಂಬ ಮಾತು ಕೇಳಿ ಸುಮ್ಮನಾದಳಂತೆ. ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದವಳು ಒಲೆಯ ಮುಂದೆಯೇ ಕಣ್ಣು ಕತ್ತಲೆಗೂಡಿ ಬಿದ್ದಳು.

ಗಂಡ ಊರಲ್ಲಿರಲಿಲ್ಲ. ಮರಾಠಿ ಬಲ್ಲ ಮೈದುನ ದವಾಖಾನೆಗೆ ಕರೆದೊಯ್ದ. ವೈದ್ಯರು ಪಾಳಿಯ ವಿಷಯ ಕೇಳಿದರು. ಮರಾಠಿಯಲ್ಲಿ ಪಾಳಿ ಎಂದರೆ ಸರದಿ. ಗಿರಣಿಯ ಕೆಲಸದ ಸರದಿಯೂ ಹೌದು, ಹೆಂಗಸರ ಮುಟ್ಟೂ ಹೌದು. ಹುಡುಗನಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಅತ್ತಿಗೆಯ ಮುಖ ನೋಡಿ ಆ ಮಾತನ್ನು ಕನ್ನಡದಲ್ಲಿ ಆಡಲು ಬಾಯಿ ಬರಲಿಲ್ಲ. ‘ವೈನಿ, ಮತ್ತೇನರ ತ್ರಾಸ ಅದ ಏನ್ರಿ?’ ಎಂದು ಕೇಳಿದ. ಆಕೆ ‘ಏನಿಲ್ಲ’ ಎಂದಳು. ತಾಂಬಿ ಹಾಕಿಸಿದ್ದುಂಟೇ ಎಂದು ವೈದ್ಯರು ನೇರವಾಗಿ ಆಕೆಯನ್ನೇ ಕೇಳಿದರು. ತವರಿನ ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಡಲೆ ಹಾಕಿದ್ದು ಆಕೆಗೆ ಗೊತ್ತಿತ್ತು. ಆದರೆ ಅದನ್ನು ಅಲ್ಲಿ ವಂಕಿ ಎಂದಿದ್ದರು. ಕಾಪರ್-ಟಿ ಎಂಬ ಒಂದೇ ಸಾಧನಕ್ಕೆ ಗಡಿಯ ಆಚೆ ತೋಳಿನ ಒಡವೆಯ ಹೆಸರು, ಈಚೆ ತಾಮ್ರದ ಹೆಸರು. ತಾಂಬಿ ಎಂದರೇನೆಂದು ತಿಳಿಯದೆ ಆಕೆ ತಲೆ ಅಲ್ಲಾಡಿಸಿದಳು. ಶಕ್ತಿಯ ಔಷಧ ಬರೆದುಕೊಟ್ಟು ಕಳುಹಿಸಿದರು.

ಇನ್ನೂ ಒಂದು ತಿಂಗಳು ಹೀಗೆಯೇ ಕಳೆಯಿತು. ಎರಡನೆಯ ಬಾರಿ ಬಿದ್ದಾಗ ಕನ್ನಡ ಬಲ್ಲ ನರ್ಸ್ ಒಬ್ಬರು ಪರದೆಯ ಹಿಂದೆ ಕರೆದು ಕೇಳಿದರು. ಆಗ ಎಲ್ಲವೂ ಹೊರಬಿತ್ತು. ಹನ್ನೆರಡಾದರೂ ಇರಬೇಕಾದ ಹಿಮೊಗ್ಲೋಬಿನ್ ಏಳಕ್ಕಿಂತ ಕೆಳಗಿತ್ತು.

ಇದರಲ್ಲಿ ದುಷ್ಟರು ಯಾರೂ ಇಲ್ಲ, ನಮ್ಮನ್ನು ಕಾಡುವುದೂ ಅದೇ. ಅತ್ತೆ ಸೊಸೆಯನ್ನು ದುಡಿಸಿ ದಣಿಸಿದವಳಲ್ಲ. ಮೈದುನ ಸಭ್ಯ ಹುಡುಗ. ಅಸಭ್ಯನಾಗಿದ್ದರೆ ಬಹುಶಃ ಪ್ರಶ್ನೆ ಸರಿಯಾಗಿ ಮುಟ್ಟುತ್ತಿತ್ತು! ಎಲ್ಲರೂ ತಮ್ಮ ತಮ್ಮ ಮರ್ಯಾದೆಯಲ್ಲಿ ನಡೆದುಕೊಂಡರು, ಆ ಮರ್ಯಾದೆಯ ಬೆಲೆಯನ್ನು ಒಬ್ಬಳ ಮೈ ತೆತ್ತಿತು. ಹಾಗಾದರೆ ಮರ್ಯಾದೆಯೇ ತಪ್ಪೆನ್ನೋಣವೇ? ಅಷ್ಟು ಸುಲಭವಾಗಿ ಹೇಳಲು ನಮ್ಮಿಂದಾಗದು. ತನ್ನ ಮೈಯ ಸಂಗತಿಯನ್ನು ಹತ್ತು ಜನರ ಮುಂದೆ ಆಡಲು ಒಲ್ಲೆನೆನ್ನುವ ಹಕ್ಕು ಆಕೆಗುಂಟು. ಆದರೆ ತಾನಾಗಿ ಕಾಯ್ದುಕೊಂಡ ಗುಟ್ಟು ಬೇರೆ, ಕೇಳುವವರಿಲ್ಲದೆ ಒಳಗೆ ಉಳಿದ ಮಾತು ಬೇರೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಮೌನದಂತೆ ಕಾಣುತ್ತವೆ. ಎರಡನೆಯದಕ್ಕೆ ತಾಳ್ಮೆ ಎಂದು ಹೆಸರಿಟ್ಟು ಹೊಗಳುವ ರೂಢಿ ನಮ್ಮದು.

ನಮ್ಮ ಮಾತಿನ ಭಂಡಾರವನ್ನೇ ನೋಡಿರಿ. ಮುಟ್ಟಾಗುವುದು, ಹೊರಗಾಗುವುದು, ಕಡೆಗಾಗುವುದು, ದೂರ ಕೂಡುವುದು. ಮುಟ್ಟುವುದು ಮತ್ತು ದೂರವಿರುವುದು ಇವುಗಳಲ್ಲಿದೆ; ಎಷ್ಟು ಹೋಯಿತು, ಎಷ್ಟು ದಿನ ಹೋಯಿತು ಎಂಬುದಕ್ಕೆ ಮನೆಮಾತಿನಲ್ಲಿ ಹೆಸರಿಲ್ಲ. ಶಾಸ್ತ್ರದಲ್ಲಿ ಇಲ್ಲದೆ ಇಲ್ಲ. ಚರಕಸಂಹಿತೆ ಅತಿಯಾದ ಸ್ರಾವವನ್ನು ಪ್ರದರವೆಂಬ ಹೆಸರಿನಿಂದ ವರ್ಣಿಸಿ ಚಿಕಿತ್ಸೆಯನ್ನೂ ಹೇಳುತ್ತದೆ. ಆ ಪದ ಗ್ರಂಥದಿಂದ ಅಡಿಗೆಮನೆಗೆ ಇಳಿಯಲಿಲ್ಲ.

ಇದು ಸೊನ್ನಲಿಗೆಯ ಸಿದ್ಧರಾಮನ ಊರು. ಶರಣರು ಅಲ್ಲಗಳೆದ ಐದು ಸೂತಕಗಳಲ್ಲಿ ಜನನಸೂತಕವೂ ಉಂಟು, ರಜಸ್ಸೂತಕವೂ ಉಂಟು. ಅದನ್ನು ನೆನೆದು ನಮ್ಮ ಅನೇಕ ಮನೆಗಳಲ್ಲಿ ಇಂದು ಯಾರೂ ಮೂರು ದಿನ ಹೊರಗೆ ಕೂಡುವುದಿಲ್ಲ. ನಾವು ಅದಕ್ಕೆ ಹೆಮ್ಮೆಪಡುತ್ತೇವೆ. ಮೈಲಿಗೆಯನ್ನು ಬಿಟ್ಟೆವು, ಆದರೆ ಅದರೊಡನೆ ಬಂದ ಮೌನವನ್ನು ಬಿಡಲಿಲ್ಲ. ಒಂದು ರೀತಿಯಿಂದ ಹಿಂದಿನದೇ ವಾಸಿ ಎನ್ನಬೇಕಾಗಿದೆ: ಸೊಸೆ ಹನ್ನೆರಡು ದಿನ ಹೊರಗೆ ಕುಳಿತಿದ್ದರೆ ಓಣಿಗೆಲ್ಲ ಲೆಕ್ಕ ತಿಳಿಯುತ್ತಿತ್ತು.

ಹೆತ್ತ ಮೇಲೆ ರಕ್ತ ಹೋಗುವುದು ಸಹಜ. ಮೊದಲ ಕೆಲವು ದಿನ ಕೆಂಪಾಗಿ, ಆಮೇಲೆ ಕಂದಾಗಿ, ಕೊನೆಗೆ ಬಿಳಿಹಳದಿಯಾಗಿ, ಸುಮಾರು ಆರು ವಾರಗಳಲ್ಲಿ ನಿಲ್ಲುತ್ತದೆ. ಆಮೇಲಿನ ಮುಟ್ಟು ಹಾಲುಣಿಸುವವರಲ್ಲಿ ಹಲವು ತಿಂಗಳು ತಡವಾಗಬಹುದು, ಮೊದಲ ಕೆಲವು ಸಲ ಹೆಚ್ಚುಕಡಿಮೆಯೂ ಆಗಬಹುದು. ಕಾಪರ್-ಟಿ ಹಾಕಿದವರಲ್ಲಿ ಮೊದಲ ತಿಂಗಳುಗಳ ಸ್ರಾವ ಹೆಚ್ಚಿರುವುದೂ ತಿಳಿದ ಸಂಗತಿಯೇ. ಇದನ್ನು ಹೇಳುವುದು ಏಕೆಂದರೆ, ಹೆದರಿಸುವುದೂ ಒಂದು ಅಪಚಾರವೇ. ಆದರೆ ಗಂಟೆಗೊಂದು ಪ್ಯಾಡ್ ತೊಯ್ದುಹೋಗುವುದು, ನಿಂಬೆಹಣ್ಣಿನಷ್ಟು ಗಡ್ಡೆಗಳು ಬೀಳುವುದು, ಜ್ವರ, ದುರ್ವಾಸನೆ, ತಲೆಸುತ್ತು – ಇವು ಬಂದರೆ ಅಂದೇ ದವಾಖಾನೆಗೆ ಹೋಗಬೇಕು. ಗರ್ಭಕೋಶದಲ್ಲಿ ಕಸದ ಚೂರು ಉಳಿದಿರಬಹುದು, ಸೋಂಕಾಗಿರಬಹುದು. ಮುಟ್ಟು ಏಳು ದಿನ ಮೀರಿ ಹೋಗುತ್ತಿದ್ದರೂ ತೋರಿಸಬೇಕು. ಥೈರಾಯ್ಡಿನ ದೋಷದಿಂದಲೂ ಹಾಗಾಗುವುದುಂಟು. ‘ಕೆಟ್ಟ ರಕ್ತ’ ಎಂಬುದು ಬೇರೆ ಇಲ್ಲ. ಹೋಗುವುದು ಮೈಯೊಳಗಿನ ಒಳ್ಳೆಯ ರಕ್ತವೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಚೆಲ್ಲುವುದಕ್ಕೆ ಯಾರಲ್ಲಿಯೂ ಹೆಚ್ಚಿಲ್ಲ.

ಸರಕಾರ ಲೆಕ್ಕವಿಡದೆ ಬಿಟ್ಟಿಲ್ಲ. ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನಗಳಂದು ಹೋಗಬೇಕು. ತವರಿನಲ್ಲಿ ಆ ಭೇಟಿಗಳೆಲ್ಲ ನಡೆದವು. ನಲವತ್ತೆರಡು ದಿನಗಳಾದ ಮೇಲೆ ತಾಯಿಯ ಪುಟ ಮುಚ್ಚಿತು, ಕೂಸಿನ ಲಸಿಕೆಯ ಪುಟ ತೆರೆದೇ ಉಳಿಯಿತು. ತೊಂದರೆ ಬಂದದ್ದು ಪುಟ ಮುಚ್ಚಿದ ಮೇಲೆ, ಹೆತ್ತ ತಾಯಿಯ ಕಣ್ಣಿನಿಂದ ದೂರವಾದ ಮೇಲೆ, ಬೇರೊಂದು ರಾಜ್ಯಕ್ಕೆ, ಬೇರೊಂದು ಭಾಷೆಗೆ ಬಂದ ಮೇಲೆ.

ಆ ಮನೆಯ ಹಿರಿಯ ಆಯಿಯ ಮುಂದೆ ನಾವು ಈ ಮೌನವನ್ನು ಹಳಿದೆವು. ಆಯಿ ಅಡಕೆ ಕತ್ತರಿಸುವುದನ್ನು ನಿಲ್ಲಿಸದೆ, ‘ನಮ್ಮ ಕಾಲಕ್ಕ ಹೇಳಿದ್ರ ಏನ್ ಮಾಡ್ತಿದ್ರು? ಗಾಡಿ ಇತ್ತೇನು, ಡಾಕ್ಟರ ಇದ್ನೇನು? ಹೇಳಿ ಎಲ್ಲಾರ್ನೂ ಅಳಸೂದಕಿಂತ ಹೇಳದ ಬದಕಿದ್ವಿ’ ಎಂದರು. ನಮಗೆ ಉತ್ತರ ತೋಚಲಿಲ್ಲ. ಮದ್ದಿಲ್ಲದ ಕಾಲದಲ್ಲಿ ಹೇಳದಿರುವುದು ಇತರರ ಮೇಲಿನ ಕರುಣೆಯೂ ಆಗಿತ್ತು. ಆಯಿಯ ಮೌನವನ್ನು ಅಜ್ಞಾನವೆನ್ನಲು ನಾವು ಯಾರು? ಆದರೆ ಮದ್ದು ಎರಡು ಓಣಿಯಾಚೆ ಇರುವ ಕಾಲಕ್ಕೆ ಅದೇ ಮೌನವನ್ನು ಸೊಸೆಗೆ ಬಳುವಳಿಯಾಗಿ ಕೊಟ್ಟರೆ ಅದರಲ್ಲಿ ಕರುಣೆ ಉಳಿಯುವುದಿಲ್ಲ. ಕೇಳುವ ಭಾರ ಈಗ ನಮ್ಮ ಮೇಲಿದೆ. ಹೇಳಬೇಕಿತ್ತು ಎಂದು ಸೊಸೆಯನ್ನು ಬಯ್ಯುವವರನ್ನೂ ಕಂಡಿದ್ದೇವೆ; ಅವರು ಆ ದವಾಖಾನೆಯ ಬೆಂಚಿನ ಮೇಲೆ ಆಕೆಯ ಜಾಗದಲ್ಲಿ ಒಮ್ಮೆ ಕುಳಿತು ನೋಡಬೇಕು.

ನಾವು ಗಡಿಯ ಕನ್ನಡಿಗರು ಶಾಲೆಯಲ್ಲಿ ಕನ್ನಡ ಬೇಕೆಂದು ಮನವಿ ಬರೆದಿದ್ದೇವೆ, ಫಲಕದಲ್ಲಿ ಕನ್ನಡ ಬೇಕೆಂದು ಜಗಳವಾಡಿದ್ದೇವೆ. ಪರದೆಯ ಹಿಂದೆ ಒಬ್ಬಳಿಗೆ ಬೇಕಾಗುವ ಒಂದು ವಾಕ್ಯದ ಕನ್ನಡವನ್ನು ಎಂದೂ ನೆನೆದಿರಲಿಲ್ಲ.

ಸೊಸೆ ಗುಣಮುಖಳಾಗುತ್ತಿದ್ದಾಗ ಆ ಮೈದುನ ನಮ್ಮಲ್ಲಿಗೆ ಬಂದಿದ್ದ. ‘ಅವತ್ತ ನಾ ಹ್ಯಾಂಗ ಕೇಳಬೇಕಿತ್ತು, ನೀವ ಹೇಳ್ರಿ’ ಎಂದ. ನಾವು ಐದಾರು ಮಂದಿ ಕುಳಿತು ಯೋಚಿಸಿದೆವು. ಮೈದುನ ಅತ್ತಿಗೆಗೆ ಹೇಳಬಹುದಾದ ವಾಕ್ಯವೊಂದು ನಮಗೆ ಸಿಗಲಿಲ್ಲ. ‘ನಾ ಹೊರಗ ನಿಂದರ್ತೀನಿ ವೈನಿ, ನೀವ ಮಾತಾಡ್ರಿ’ ಎನ್ನಬಹುದಿತ್ತು. ಆದರೆ ಆಕೆಗೆ ಮರಾಠಿ ಬಾರದು. ಈಗ ಆಕೆಯೊಡನೆ ತಪಾಸಣೆಗೆ ಹೋಗುವವಳು ಪಕ್ಕದ ಮನೆಯ ಬೀಡಿ ಕಟ್ಟುವ ಹೆಂಗಸು. ಮನೆಮಾತು ತೆಲುಗು, ಈ ಊರಿನ ಮೂರೂ ಭಾಷೆಗಳು ಆಕೆಗೆ ಬರುತ್ತವೆ. ಹೋದ ದಿನ ಆಕೆಯ ಕೂಲಿ ತಪ್ಪುತ್ತದೆ. ಅದನ್ನು ಆ ಮನೆಯವರು ಕೊಡಬೇಕೋ, ಸಂಘ ಕೊಡಬೇಕೋ ಎಂಬ ಮಾತು ನಮ್ಮಲ್ಲಿ ಎರಡು ಸಲ ಬಂದು, ಎರಡು ಸಲವೂ ಮುಂದಕ್ಕೆ ಹೋಗಿದೆ.