ಹಲಸಿನ ಪಾಲು

ಒಂದು ಹಣ್ಣನ್ನು ನಾಲ್ವರು ಹಂಚಿಕೊಂಡು ತಿನ್ನುವುದು ಸುಲಭ. ಇಬ್ಬರು ಕೂಡಿ ಕಂಡುಕೊಂಡದ್ದನ್ನು ಹಂಚಿಕೊಳ್ಳುವುದು ಕಷ್ಟ. ನಮ್ಮ 1970ರ ಪೇಟೆಂಟ್ ಕಾಯ್ದೆಯ ಉತ್ತರ ಚಿಕ್ಕದು: ಬೇರೆ ಕರಾರಿಲ್ಲದಿದ್ದರೆ, ಪೇಟೆಂಟಿನಲ್ಲಿ ಹೆಸರಿರುವವರಿಗೆಲ್ಲ ಸಮಪಾಲು. ಗಿಡ, ಬೀಜ, ತಳಿಗಳಿಗೆ ಆ ಕಾಯ್ದೆ ಪೇಟೆಂಟನ್ನೇ ಕೊಡುವುದಿಲ್ಲ. ಅವುಗಳಿಗೆಂದು ಬಂದ 2001ರ ಸಸ್ಯತಳಿ ಮತ್ತು ರೈತರ ಹಕ್ಕುಗಳ ಸಂರಕ್ಷಣಾ ಕಾಯ್ದೆ ರೈತನನ್ನೂ ತಳಿಗಾರನೆಂದು ಒಪ್ಪುತ್ತದೆ.

ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿನ ಮರವನ್ನೇ ನೋಡಿ. ಕೆಂಪು ತೊಳೆಯ ಆ ಮರವನ್ನು ನೆಟ್ಟವರು ಸಿದ್ದಪ್ಪ. ಅದರ ಗುಣ ಪರೀಕ್ಷಿಸಿ, ಕಸಿ ಕಟ್ಟಿ ಸಸಿ ಹೆಚ್ಚಿಸಿದವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ತುಮಕೂರಿನ ಬಳಿಯ ಅದರ ಹಿರೇಹಳ್ಳಿ ಕೇಂದ್ರದವರು. 2017ರಲ್ಲಿ ಸಿದ್ದಪ್ಪನವರ ಮಗ ಪರಮೇಶ್ ಅವರೊಡನೆ ಸಂಸ್ಥೆ ಕರಾರು ಮಾಡಿಕೊಂಡಿತು: ಸಸಿ ಮಾರಿದ ಹಣದಲ್ಲಿ ನೂರಕ್ಕೆ 75 ಪಾಲು ರೈತನಿಗೆ. ತಳಿಗೆ ತಂದೆಯ ನೆನಪಿನಲ್ಲಿ 'ಸಿದ್ದು' ಎಂದು ಹೆಸರಾಯಿತು.

ಮರ ತಾನಾಗಿ ಬೆಳೆಯಿತು, ದುಡಿದವರು ವಿಜ್ಞಾನಿಗಳಲ್ಲವೇ ಎಂದು ಕೇಳುವವರುಂಟು. ಪ್ರಯೋಗಶಾಲೆಯಿಲ್ಲದೆ ಆ ಹಣ್ಣಿನ ಬೆಲೆ ಊರಾಚೆ ತಿಳಿಯುತ್ತಿರಲಿಲ್ಲ, ನಿಜ. ಆದರೆ ಹಣ್ಣು ಚಿಕ್ಕದೆಂದು ಮರವನ್ನು ಸೌದೆ ಮಾಡಿದ್ದರೆ ಪರೀಕ್ಷಿಸಲು ಏನಿರುತ್ತಿತ್ತು? ಕಡಿಯದೆ ಉಳಿಸಿಕೊಳ್ಳುವುದೂ ಒಂದು ದುಡಿಮೆ. ಕಣ್ಣಿಗೆ ಕಾಣದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ.

ಸಮಪಾಲು ಎಲ್ಲ ಕಾಲಕ್ಕೂ ನ್ಯಾಯವಲ್ಲ. ಎಷ್ಟೋ ಸಲ ಅದು ತೂಗಿ ನೋಡಲು ಮನಸ್ಸಿಲ್ಲದವರ ಅನುಕೂಲ. ತುಮಕೂರಿನ ಕಾಲೇಜಿನಲ್ಲಾಗಲಿ ಕುಣಿಗಲ್ಲಿನ ತೋಟದಲ್ಲಾಗಲಿ, ಇಬ್ಬರು ಒಂದು ಕೆಲಸಕ್ಕೆ ಕೂಡುವಾಗ ಪಾಲಿನ ಮಾತನ್ನು ಮೊದಲೇ ಆಡಿಕೊಳ್ಳುವುದು ಜಿಪುಣತನವಲ್ಲ, ಮರ್ಯಾದೆ. ಹಲಸು ಬಿಡಿಸುವ ಮುನ್ನವೇ ಕೈಗೆ ಎಣ್ಣೆ ಸವರಿಕೊಳ್ಳುವವರಲ್ಲವೇ ನಾವು?